ಬಸ್ಸಿನ ಟೈಮು ನಿಮ್ಮ ಕಡತದಲ್ಲಿದೆ, ದಯವಿಟ್ಟು ಹೊರಗೆ ಕೊಡಿ

ಕರ್ನಾಟಕದ ಸಾರಿಗೆ ಸಚಿವರಿಗೆ, ಸಾರಿಗೆ ಇಲಾಖೆಯ ಅಧಿಕಾರಿಗಳಿಗೆ, ಮತ್ತು ಮಲೆನಾಡಿನಿಂದ ಹೊರಟು ಬೆಂಗಳೂರಲ್ಲೋ ಹೊರದೇಶದಲ್ಲೋ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವ ನಮ್ಮೂರಿನವರಿಗೆ,

ನಮಸ್ಕಾರ.

ಕಳೆದ ಮಳೆಗಾಲದಲ್ಲಿ ನನ್ನ ಗೆಳೆಯನ ಅಮ್ಮ ಶಿವಮೊಗ್ಗದ ಆಸ್ಪತ್ರೆಗೆ ಹೋಗಬೇಕಿತ್ತು. ಅವರ ಊರು ಹೊಸನಗರ ತಾಲ್ಲೂಕಿನ ಒಂದು ಒಳಹಳ್ಳಿ. ಅವರಿಗೆ ಗೊತ್ತಿದ್ದ ಎಂಟೂಕಾಲರ ಬಸ್ಸು ಬರಲಿಲ್ಲ. ಮಗ ಹಾಸ್ಟೆಲಿನಿಂದ ಫೋನಿನಲ್ಲಿ ಹುಡುಕಿದ. ಆ ದಾರಿಯಲ್ಲಿ ಬಸ್ಸೇ ಇಲ್ಲ ಎಂದು ಮ್ಯಾಪ್ ತೋರಿಸಿತು. ಕೊನೆಗೆ ಅಮ್ಮ ಪಕ್ಕದ ಮನೆಯವರ ಜೀಪು ಹಿಡಿದು, ದುಡ್ಡು ಕೊಟ್ಟು, ಮುಖ್ಯ ರಸ್ತೆಗೆ ಬಂದರು. ಅವರು ಜೀಪಿನಿಂದ ಇಳಿಯುವ ಹೊತ್ತಿಗೆ ಅದೇ ಬಸ್ಸು ಹಿಂದೆ ಬಂದು ನಿಂತಿತು. ರಸ್ತೆ ಕೆಟ್ಟಿದ್ದರಿಂದ ಒಂದು ವಾರದಿಂದ ಬೇರೆ ಸುತ್ತಿನಲ್ಲಿ ಬರುತ್ತಿತ್ತಂತೆ, ಮುಕ್ಕಾಲು ಗಂಟೆ ತಡವಾಗಿ.

ಕಂಡಕ್ಟರಿಗೆ ಅದು ಗೊತ್ತಿತ್ತು. ಸರ್ಕಲ್ಲಿನ ಕ್ಯಾಂಟೀನಿನವರಿಗೂ ಗೊತ್ತಿತ್ತು. ಜ್ವರ ಹಿಡಿದು ಕೊಡೆ ಹಿಡಿದು ನಿಂತಿದ್ದ ಅಮ್ಮನಿಗೆ ಮಾತ್ರ ಗೊತ್ತಿರಲಿಲ್ಲ.

ಆವತ್ತು ರಾತ್ರಿ ಹಾಸ್ಟೆಲಿನಲ್ಲಿ ನಾವು ನಾಲ್ಕು ಜನ ಕೂತು ಮಾತಾಡಿದೆವು. ನಾಲ್ವರೂ ಎಂಜಿನಿಯರಿಂಗ್ ಕೊನೆಯ ವರ್ಷದವರು. ನಾಲ್ವರ ಊರಿಗೂ ಹೋಗುವುದು ಲೈನ್ ಬಸ್ಸೇ. ಹಳ್ಳಿ ಬಸ್ಸಿನ ಸಮಯ, ದಾರಿ, ಎಲ್ಲಿ ಇಳಿದು ಎಲ್ಲಿ ಹತ್ತಬೇಕು ಎನ್ನುವುದನ್ನು ಕನ್ನಡದಲ್ಲಿ ಹೇಳುವ ಒಂದು ಸೇವೆ ಕಟ್ಟೋಣ ಎಂದು ಆವತ್ತೇ ನಿರ್ಧಾರ ಮಾಡಿದೆವು. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಈ ಪತ್ರ ಅದರ ಪ್ರಚಾರಕ್ಕಲ್ಲ.

ಮಲೆನಾಡಿನ ಬಸ್ಸಿನ ಲೆಕ್ಕ ಬೇರೆ ಕಡೆಯ ಹಾಗಲ್ಲ. ಇಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ. ಒಬ್ಬ ಮಾಲೀಕರಿಗೆ ಎರಡೋ ಮೂರೋ ಬಸ್ಸು. ರಾತ್ರಿ ಹಳ್ಳಿಯಲ್ಲೇ ಹಾಲ್ಟ್ ಮಾಡಿ ಬೆಳಗಿನ ಜಾವ ಹೊರಡುವ ಬಸ್ಸನ್ನು ನಂಬಿ ಹಾಲಿನ ಕ್ಯಾನು, ಕಾಲೇಜು ಮಕ್ಕಳು, ಕೋರ್ಟಿಗೆ ಹೋಗುವವರು ಎಲ್ಲರೂ ಇರುತ್ತಾರೆ. ಆ ಬಸ್ಸು ತಪ್ಪಿದರೆ ಆ ದಿನ ಹೋದ ಹಾಗೆಯೇ. ಕೊಪ್ಪದ ಸಹಕಾರ ಸಾರಿಗೆ ನಿಮಗೆ ನೆನಪಿರಬಹುದು. ಕಂಪನಿ ಮುಚ್ಚಿ ಕೆಲಸ ಹೋದಾಗ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿಕೊಂಡ ಸಂಸ್ಥೆ ಅದು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು ಎಲ್ಲರೂ ಅದರ ಮಾಲೀಕರೇ. ಸುಮಾರು ಮೂರು ದಶಕ ಮಲೆನಾಡಿನ ಮೂಲೆಮೂಲೆಗೆ ಬಸ್ಸು ಓಡಿಸಿ 2020ರಲ್ಲಿ ನಿಂತುಹೋಯಿತು. ಅದು ನಿಂತಾಗ ಎಷ್ಟೋ ಊರಿನ ಜನಕ್ಕೆ ಬಾಯಿಪಾಠವಾಗಿದ್ದ ಟೈಮುಗಳೆಲ್ಲ ಒಂದೇ ದಿನ ಕೆಲಸಕ್ಕೆ ಬಾರದೆ ಹೋದವು. ಈಗ ಆ ದಾರಿಯಲ್ಲಿ ಯಾವ ಬಸ್ಸು, ಎಷ್ಟೊತ್ತಿಗೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ನಮ್ಮ ತಂಡದಲ್ಲಿ ಒಬ್ಬಳು ತುಮರಿ ಕಡೆಯವಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಶರಾವತಿ ಹಿನ್ನೀರು ಅವರ ಕಡೆಯ ಊರುಗಳನ್ನು ಸಾಗರದಿಂದ ಬೇರೆ ಮಾಡಿತು. ಅವಳ ಅಜ್ಜ, ಅಪ್ಪ, ಅವಳು, ಮೂರು ತಲೆಮಾರೂ ದಿನದ ಲೆಕ್ಕ ಹಾಕಿದ್ದು ಲಾಂಚಿನ ಸಮಯ ನೋಡಿಕೊಂಡೇ. ಬಸ್ಸು ಕೂಡ ಲಾಂಚ್ ಹತ್ತಿ ದಾಟಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಅವಳ ಮನೆಯಲ್ಲಿ ಆವತ್ತು ಹಬ್ಬ. ಆದರೆ ಸೇತುವೆ ಬಂದ ಮೇಲೆ ಓಡಾಟದ ಲೆಕ್ಕವೆಲ್ಲ ಬದಲಾಯಿತು. ಸಿಗಂದೂರಿಗೆ ಹೋಗಿಬರುವ ಭಕ್ತರು ಸಾಗರದ ನಿಲ್ದಾಣದಲ್ಲಿ ಇಳಿದು ಇಂದಿಗೂ ಕೇಳುವ ಮೊದಲ ಮಾತು, ‘ಕೊನೆಯ ಬಸ್ಸು ಎಷ್ಟೊತ್ತಿಗೆ?’ ಸೇತುವೆ ಎಲ್ಲರ ಕಣ್ಣಿಗೂ ಕಾಣುತ್ತದೆ. ಅದರ ಮೇಲೆ ಓಡುವ ಬಸ್ಸಿನ ಸಮಯವೂ ಅಷ್ಟೇ ಸುಲಭವಾಗಿ ಕಾಣಬೇಕು, ಅಲ್ವಾ?

ಶಕ್ತಿ ಯೋಜನೆಯಿಂದಲೂ ಈ ಪ್ರಶ್ನೆ ಜಾಸ್ತಿಯಾಗಿದೆ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಖಾಸಗಿ ಬಸ್ಸಿನಲ್ಲಿ ಆ ಸೌಲಭ್ಯ ಇಲ್ಲ. ಹಾಗಾಗಿ ನಮ್ಮ ಕಡೆ ಕೂಲಿಗೆ ಹೋಗುವ ಹೆಂಗಸಿಗೆ ಬಸ್ಸು ಎಷ್ಟೊತ್ತಿಗೆ ಎಂದು ಗೊತ್ತಾದರೆ ಸಾಲದು. ಗೌರ್ಮೆಂಟ್ ಬಸ್ಸು ಎಷ್ಟೊತ್ತಿಗೆ ಎಂದು ಗೊತ್ತಾಗಬೇಕು. ಅವರ ಪಾಲಿಗೆ ಅದು ದಿನಗೂಲಿಯಲ್ಲಿ ಉಳಿಯುವ ದುಡ್ಡು. ದೂರದ ಊರಿನ ರಿಸರ್ವೇಶನ್ ಬಸ್ಸು ಆನ್‌ಲೈನಿನಲ್ಲಿ ಸಿಗುತ್ತದೆ. ಹಳ್ಳಿಗೆ ಹೋಗುವ ಸಾಮಾನ್ಯ ಬಸ್ಸನ್ನು ಅಲ್ಲಿ ಹುಡುಕಿದರೆ ಸಿಗುವುದಿಲ್ಲ.

ಕೆಲಸ ಶುರುಮಾಡಿದ್ದು ಮೂರು ನೋಟ್‌ಬುಕ್ಕಿನಿಂದ. ಶನಿವಾರ, ಭಾನುವಾರ ಸಾಗರ, ಹೊಸನಗರ, ತೀರ್ಥಹಳ್ಳಿಯ ನಿಲ್ದಾಣಗಳಲ್ಲಿ ಬೆಳಗ್ಗೆ ಆರಕ್ಕೆ ನಿಂತು ಒಂದೊಂದು ಬಸ್ಸನ್ನೂ ಬರೆದುಕೊಂಡೆವು. ಮೊದಲ ವಾರ ನಿಲ್ದಾಣದ ಖಾಸಗಿ ಬಸ್ ಏಜೆಂಟರು ನಮ್ಮನ್ನು ಅನುಮಾನದಿಂದ ನೋಡಿದರು. ಯಾವುದೋ ಮಾಲೀಕರು ಪಕ್ಕದ ಬಸ್ಸಿನವರ ಮೇಲೆ ಕಂಪ್ಲೇಂಟ್ ಕೊಡಲು ನಮ್ಮನ್ನು ಕಳಿಸಿದ್ದಾರೆ ಎಂದುಕೊಂಡಿದ್ದರು. ಎರಡು ನಿಮಿಷದ ಟೈಮಿಂಗ್ಸಿಗೆ ಜಗಳ ನಡೆಯುವ ಜಾಗ ಅದು. ಅವರ ಅನುಮಾನ ತಪ್ಪಲ್ಲ. ಮೂರನೇ ವಾರ ಒಬ್ಬ ಹಿರಿಯ ಏಜೆಂಟರು ತಾವೇ ಕರೆದು ಚಹಾ ಕೊಡಿಸಿ, ನಮ್ಮ ನೋಟ್‌ಬುಕ್ಕು ತಗೊಂಡು ತಪ್ಪು ತಿದ್ದಿದರು. ಯಾವ ಬಸ್ಸು ಸಂತೆ ದಿನ ಮಾತ್ರ ಒಳಗೆ ಹೋಗುತ್ತದೆ, ಯಾವುದು ಶಾಲೆ ರಜೆಯಲ್ಲಿ ಬರುವುದಿಲ್ಲ, ಮಳೆ ಜೋರಾದರೆ ಯಾವುದು ಹೊಳೆಯ ಈಚೆಯೇ ನಿಲ್ಲುತ್ತದೆ, ಎಲ್ಲ ಹೇಳಿದರು. ನಮ್ಮ ಸಾಫ್ಟ್‌ವೇರಿನ ಅರ್ಧ ಬುದ್ಧಿ ಆ ಒಂದು ಬೆಳಗ್ಗೆಯಿಂದ ಬಂದದ್ದು.

ಒಬ್ಬ ಮಾಲೀಕರು ಒಂದು ಗಟ್ಟಿಯಾದ ಮಾತು ಹೇಳಿದರು. ‘ಟೈಮು ಹೊರಗೆ ಹಾಕಿದರೆ ಟೆಂಪೋದವನು ಐದು ನಿಮಿಷ ಮುಂದೆ ಬಂದು ಜನ ತುಂಬಿಸಿಕೊಂಡು ಹೋಗ್ತಾನೆ.’ ಅದಕ್ಕೆ ಆವತ್ತು ನಮ್ಮಲ್ಲಿ ಉತ್ತರ ಇರಲಿಲ್ಲ. ಆಮೇಲೆ ಯೋಚಿಸಿ ಮತ್ತೆ ಹೋಗಿ ಹೇಳಿದೆವು. ನಿಮ್ಮ ಟೈಮು ಟೆಂಪೋದವನಿಗೆ ಈಗಾಗಲೇ ಗೊತ್ತು. ಗೊತ್ತಿಲ್ಲದವರು ನಿಮಗೆ ದುಡ್ಡು ಕೊಡುವ ಪ್ರಯಾಣಿಕರು ಮಾತ್ರ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ತಮ್ಮ ಎರಡು ಬಸ್ಸಿನ ಪಟ್ಟಿ ಕೊಟ್ಟರು.

ಹೀಗೆ ಬಸ್ಸು ಬಸ್ಸು ಬರೆದು ಒಂದು ಜಿಲ್ಲೆ ಮುಗಿಸುವಷ್ಟರಲ್ಲಿ ಬರೆದಿದ್ದೆಲ್ಲ ಹಳೆಯದಾಗಿರುತ್ತದೆ. ಈ ಪತ್ರ ಬರೆಯಲು ನಿಜವಾದ ಕಾರಣ ಇದೇ.

ಈ ಮಾಹಿತಿ ಸರ್ಕಾರದ ಹತ್ತಿರ ಈಗಾಗಲೇ ಇದೆ. ಖಾಸಗಿ ಲೈನ್ ಬಸ್ಸು ಓಡಬೇಕಾದರೆ ಸ್ಟೇಜ್ ಕ್ಯಾರೇಜ್ ಪರ್ಮಿಟ್, ಅಂದರೆ ದಾರಿಯುದ್ದಕ್ಕೂ ಜನರನ್ನು ಹತ್ತಿಸಿ ಇಳಿಸುವ ಪರವಾನಗಿ, ಬೇಕು. ಅದನ್ನು ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ದಾರಿ ಯಾವುದು, ದಿನಕ್ಕೆ ಎಷ್ಟು ಸಿಂಗಲ್ (ಒಂದು ಕಡೆಯ ಟ್ರಿಪ್ಪು), ಯಾವ ನಿಲ್ದಾಣ ಎಷ್ಟೊತ್ತಿಗೆ ಬಿಡಬೇಕು, ಎಲ್ಲವೂ ಆ ಕಡತದಲ್ಲಿ ಇರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 72ನೇ ಸೆಕ್ಷನ್ ಓದಿ ನಮಗೆ ಆಶ್ಚರ್ಯವಾಯಿತು. ಪ್ರಾಧಿಕಾರ ಒಪ್ಪಿದ ವೇಳಾಪಟ್ಟಿಯ ಪ್ರತಿಯನ್ನು ಬಸ್ಸಿನಲ್ಲೂ, ಗೊತ್ತುಮಾಡಿದ ನಿಲ್ದಾಣಗಳಲ್ಲೂ ಹಾಕಬೇಕು ಎಂದು ಷರತ್ತು ವಿಧಿಸುವ ಅಧಿಕಾರ ಅದರಲ್ಲೇ ಇದೆ. ಅಂದರೆ ಬಸ್ಸಿನ ಸಮಯ ಜನರ ಕಣ್ಣಿಗೆ ಬೀಳಬೇಕು ಎಂದು ಕಾನೂನು ಬರೆದವರು ಆಗಲೇ ಯೋಚಿಸಿದ್ದರು. ಆಗ ಗೋಡೆ ಇತ್ತು, ಗೋಡೆ ಎಂದರು. ಈಗ ಜನ ನೋಡುವುದು ಫೋನು.

ನಾವು ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿದೆವು. ಹತ್ತು ರೂಪಾಯಿ ಶುಲ್ಕ ಕಟ್ಟಿದೆವು. ಒಂದು ಕಚೇರಿಯಿಂದ ಉತ್ತರ ಬಂತು, ಪುಟಕ್ಕೆ ಎರಡು ರೂಪಾಯಿಯ ಲೆಕ್ಕದಲ್ಲಿ ಜೆರಾಕ್ಸ್ ಪ್ರತಿಗಳು. ಕೈಬರಹ, ಮಾಸಿದ ಸೀಲು, ಅರ್ಧ ಪುಟಗಳಲ್ಲಿ ಅಂಕಿಗಳೇ ಕಾಣುತ್ತಿರಲಿಲ್ಲ. ಇನ್ನೊಂದು ಕಚೇರಿಗೆ ನಾವೇ ಹೋದೆವು. ಅಲ್ಲಿಯ ಗುಮಾಸ್ತರು ಒಳ್ಳೆಯ ಮನುಷ್ಯರು. ಕಡತ ತೆಗೆದು ತೋರಿಸಿದರು. ಆದರೆ ಫೋಟೋ ತೆಗೆಯಲು ಬಿಡುವ ಅಧಿಕಾರ ತಮಗಿಲ್ಲ ಎಂದರು. ‘ಮೇಲಿನಿಂದ ಒಂದು ಸುತ್ತೋಲೆ ಬಂದರೆ ನಾನೇ ಟೈಪ್ ಮಾಡಿ ಕೊಡ್ತೀನಪ್ಪ’ ಎಂದರು. ಅವರ ಆ ಮಾತನ್ನೇ ನಾನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ಒಂದು ಸುತ್ತೋಲೆ ಸಾಕು.

ಬಸ್ಸಿನ ವೇಳಾಪಟ್ಟಿಯನ್ನು ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಬರೆದಿಡಲು ಜಗತ್ತಿನಲ್ಲಿ ಒಂದು ಸಾಮಾನ್ಯ ರೀತಿ ಇದೆ. ಅದನ್ನು ಜಿಟಿಎಫ್‌ಎಸ್ ಎನ್ನುತ್ತಾರೆ. ಅಮೆರಿಕದ ಪೋರ್ಟ್‌ಲ್ಯಾಂಡ್ ಊರಿನ ಸಾರಿಗೆ ಸಂಸ್ಥೆ ಮತ್ತು ಗೂಗಲ್ ಸೇರಿ 2005ರಲ್ಲಿ ಶುರುಮಾಡಿದ್ದು. ಹೆಸರು ದೊಡ್ಡದು, ಒಳಗಿರುವುದು ಸರಳ. ಕೆಲವು ಪಠ್ಯದ ಫೈಲುಗಳು ಅಷ್ಟೇ. ಒಂದರಲ್ಲಿ ನಿಲ್ದಾಣಗಳ ಹೆಸರು ಮತ್ತು ಜಾಗ, ಒಂದರಲ್ಲಿ ಮಾರ್ಗ, ಇನ್ನೊಂದರಲ್ಲಿ ಟ್ರಿಪ್ಪು, ಮತ್ತೊಂದರಲ್ಲಿ ಯಾವ ಟ್ರಿಪ್ಪು ಯಾವ ನಿಲ್ದಾಣಕ್ಕೆ ಎಷ್ಟೊತ್ತಿಗೆ. ಎಕ್ಸೆಲ್ ಬರುವ ಯಾರು ಬೇಕಾದರೂ ಇದನ್ನು ಕಲಿಯಬಹುದು. ದೆಹಲಿ ಸರ್ಕಾರ 2018ರಲ್ಲಿ ಅಲ್ಲಿಯ ಐಐಐಟಿ ಜೊತೆ ಸೇರಿ ತನ್ನ ಬಸ್ಸುಗಳ ಮಾಹಿತಿಯನ್ನು, ಬಸ್ಸು ಈಗ ಎಲ್ಲಿದೆ ಎನ್ನುವುದನ್ನೂ ಸೇರಿಸಿ, ಎಲ್ಲರಿಗೂ ತೆರೆದಿಟ್ಟಿತು. ವಿದ್ಯಾರ್ಥಿಯೂ ತಗೊಳ್ಳಬಹುದು, ದೊಡ್ಡ ಕಂಪನಿಯೂ ತಗೊಳ್ಳಬಹುದು. ಕರ್ನಾಟಕಕ್ಕೆ ಇದು ಕಷ್ಟದ ಕೆಲಸ ಎಂದು ನನಗೆ ಅನ್ನಿಸುವುದಿಲ್ಲ. ಬಸ್ ಟಿಕೆಟನ್ನು ಇಂಟರ್ನೆಟ್ಟಿಗೆ ತಂದ ರೆಡ್‌ಬಸ್ ಹುಟ್ಟಿದ್ದು ಬೆಂಗಳೂರಿನಲ್ಲಿ. ಮೊಬೈಲ್ ಟವರಿನ ಸಹಾಯದಿಂದ, ಇಂಟರ್ನೆಟ್ ಇಲ್ಲದೆಯೂ ರೈಲು ಎಲ್ಲಿದೆ ಎಂದು ಹೇಳುವ ‘ವೇರ್ ಈಸ್ ಮೈ ಟ್ರೇನ್’ ಮಾಡಿದ್ದೂ ಬೆಂಗಳೂರಿನ ಒಂದು ಸಣ್ಣ ತಂಡ. 2018ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು.

ನಮ್ಮ ಕೋರಿಕೆ ಇಷ್ಟು. ಶಿವಮೊಗ್ಗ ಜಿಲ್ಲೆಯೊಂದರಿಂದಲೇ ಶುರುಮಾಡಿ. ಪರ್ಮಿಟ್ ಕಡತದಲ್ಲಿರುವ ವೇಳಾಪಟ್ಟಿ, ಜೊತೆಗೆ ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸುಗಳ ವೇಳಾಪಟ್ಟಿ, ಎರಡನ್ನೂ ಕಂಪ್ಯೂಟರ್ ಓದುವ ರೂಪದಲ್ಲಿ ಸಾರ್ವಜನಿಕವಾಗಿ ಇಡಿ. ನಮಗೊಬ್ಬರಿಗೇ ಕೊಡಿ ಎಂದು ಕೇಳುತ್ತಿಲ್ಲ. ಎಲ್ಲರಿಗೂ ಕೊಡಿ. ನಮಗಿಂತ ಚೆನ್ನಾಗಿ ಕಟ್ಟುವವರು ಬಂದರೆ ನಮ್ಮ ಅಮ್ಮಂದಿರು ಅದನ್ನೇ ಬಳಸುತ್ತಾರೆ, ನಮಗೂ ಸಂತೋಷ. ಹಳೆಯ ಕಡತ ಟೈಪ್ ಮಾಡುವ ಕೆಲಸಕ್ಕೆ ಜನ ಇಲ್ಲ ಎಂದರೆ ರಜೆಯಲ್ಲಿ ನಾವು ಬಂದು ನಿಮ್ಮ ಕಚೇರಿಯಲ್ಲಿ ಕೂತು, ನಿಮ್ಮ ಸಿಬ್ಬಂದಿಯ ಕಣ್ಣೆದುರೇ ಟೈಪ್ ಮಾಡಿಕೊಡುತ್ತೇವೆ. ಸಂಬಳ ಬೇಡ. ಮತ್ತು ಜಿಲ್ಲೆಯಲ್ಲಿ ಒಬ್ಬ ಅಧಿಕಾರಿಯನ್ನು ಇದಕ್ಕೆ ಗೊತ್ತುಮಾಡಿ. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ನಿಷೇಧದ ಆದೇಶ ಬರುತ್ತದೆ. ಅದು ನಮಗೆ ತಲುಪುವುದು ವಾಟ್ಸಾಪಿನ ಮಸುಕು ಫೋಟೋದಲ್ಲಿ, ಹಳೆಯದೋ ಹೊಸದೋ ತಿಳಿಯದ ಹಾಗೆ. ಇದು ನಿಜವೇ ಎಂದು ಫೋನಿನಲ್ಲಿ ಕೇಳಲು ಒಬ್ಬರು ಸಿಕ್ಕರೆ ಸಾಕು.

ಇನ್ನು ಊರು ಬಿಟ್ಟು ಹೋಗಿರುವ ನಮ್ಮವರಿಗೆ ಎರಡು ಮಾತು.

ಬೆಂಗಳೂರಿನಲ್ಲಿ ಹೊಸ ಕಂಪನಿಗಳವರು ಸೇರುವ ಒಂದು ಸಭೆಗೆ ನಾವು ರಾತ್ರಿ ರೈಲು ಹಿಡಿದು ಹೋಗಿದ್ದೆವು. ಮೂರು ನಿಮಿಷ ಮಾತಾಡಲು ಬಿಟ್ಟರು. ಮುಗಿದ ಮೇಲೆ ಒಬ್ಬರು ಕೇಳಿದರು, ‘ಇಲಾಖೆಯಲ್ಲಿ ನಿಮಗೆ ಯಾರು ಗೊತ್ತು?’ ಯಾರೂ ಗೊತ್ತಿಲ್ಲ ಎಂದೆವು. ಇಂಡಸ್ಟ್ರಿಯಲ್ಲಿ ಯಾರು ಗೊತ್ತು ಎಂದರು. ಅಲ್ಲೂ ಯಾರೂ ಇರಲಿಲ್ಲ. ‘ಮೊದಲು ನೆಟ್‌ವರ್ಕ್ ಮಾಡಿಕೊಂಡು ಬನ್ನಿ’ ಎಂದರು. ಅವರ ಮಾತಿನಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ವಾಪಸ್ ಬರುವ ರೈಲಿನಲ್ಲಿ ನಾವು ಯಾರೂ ಮಾತಾಡಲಿಲ್ಲ. ಬೆಂಗಳೂರಿನ ಕಾಲೇಜಿನ ಹುಡುಗರಿಗೆ ಸೀನಿಯರ್ ಒಬ್ಬರು ಪಕ್ಕದ ಬೀದಿಯಲ್ಲೇ ಕಂಪನಿ ನಡೆಸುತ್ತಿರುತ್ತಾರೆ. ನಮ್ಮಿಂದ ಆ ಬೀದಿ ಮುನ್ನೂರು ಕಿಲೋಮೀಟರ್.

ರೆಡ್‌ಬಸ್ ಕಟ್ಟಿದ ಫಣೀಂದ್ರ ಸಮ ಅವರ ಕಥೆ ಬಹಳ ಜನ ಕೇಳಿದ್ದೀರಿ. 2005ರ ದೀಪಾವಳಿಗೆ ಊರಿಗೆ ಹೋಗಲು ಬಸ್ಸಿನ ಟಿಕೆಟ್ ಸಿಗಲಿಲ್ಲ. ಮುಂದಿನ ವರ್ಷ ಬಿಟ್ಸ್ ಪಿಲಾನಿಯ ಗೆಳೆಯರ ಜೊತೆ ಸೇರಿ ರೆಡ್‌ಬಸ್ ಶುರುಮಾಡಿದರು. ಎಲ್ಲರೂ ಹೇಳುವುದು ಆ ತಪ್ಪಿದ ಟಿಕೆಟಿನ ಕಥೆ. ನನಗೆ ಮುಖ್ಯ ಅನ್ನಿಸಿದ್ದು ಅದರ ಮುಂದಿನ ಭಾಗ. ಹೊಸ ಉದ್ಯಮಿಗಳಿಗೆ ನೆರವಾಗುವ ಬೆಂಗಳೂರಿನ ಟೈ ಸಂಸ್ಥೆಯಲ್ಲಿ ಅನುಭವಸ್ಥರು ಆ ಹುಡುಗರ ಜೊತೆ ಕೂತು ದಾರಿ ಹೇಳಿಕೊಟ್ಟರು. ಟಿಕೆಟ್ ತಪ್ಪುವುದು ಎಲ್ಲರಿಗೂ ಆಗುತ್ತದೆ. ಜೊತೆಗೆ ಕೂರುವ ಹಿರಿಯರು ಎಲ್ಲರಿಗೂ ಸಿಗುವುದಿಲ್ಲ.

ಹಣಕ್ಕೆ ಸರ್ಕಾರದ ದಾರಿಗಳು ಇವೆ. ಬೆಂಗಳೂರಿನ ಹೊರಗಿನ ಕಾಲೇಜುಗಳ ಪ್ರಾಜೆಕ್ಟುಗಳಿಗೆ ನೈನ್ ಯೋಜನೆ ಇದೆ. ಹೊಸ ಕಂಪನಿಗಳಿಗೆ ಎಲಿವೇಟ್ ಇದೆ, ಅದರಲ್ಲಿ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. ನಾವೂ ಅರ್ಜಿ ಹಾಕುತ್ತೇವೆ. ನಿಮ್ಮಿಂದ ನಾವು ಕೇಳುವುದು ದುಡ್ಡಲ್ಲ.

ಲಿಂಕ್ಡ್‌ಇನ್ನಿನಲ್ಲಿ ನಮ್ಮ ಜಿಲ್ಲೆಯವರನ್ನು ಹುಡುಕಿ ಹುಡುಕಿ ಸಂದೇಶ ಕಳಿಸಿದ್ದೆವು. ಉತ್ತರ ಬಂದದ್ದು ಇಬ್ಬರಿಂದ. ಅದರಲ್ಲಿ ಒಬ್ಬರು ಹೊರದೇಶದಲ್ಲಿ ಇರುವವರು. ಅವರಿಗೆ ಬೆಳಗಾಗುವ ಹೊತ್ತು, ನಮಗೆ ರಾತ್ರಿ. ಒಂದು ಗಂಟೆ ಮಾತಾಡಿದರು. ನಾವು ಕಟ್ಟಿದ್ದನ್ನೆಲ್ಲ ನೋಡಿ ಕೊನೆಗೆ ಕೇಳಿದರು, ‘ನಮ್ಮಮ್ಮನ ಹತ್ತಿರ ಬಟನ್ ಫೋನು ಇರೋದು. ಅವರಿಗೆ ಏನು ಕೊಡ್ತೀರಿ?’ ಆಮೇಲೆ ಅವರೇ ಹೇಳಿದರು. ಮೊದಲು ಒಂದು ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಆ ನಿಲ್ದಾಣದ ಬಸ್ಸುಗಳ ಸಮಯ ಮುದ್ರಿಸಿ. ಅಂಗಡಿಯ ಗೋಡೆಗೆ ಅಂಟಿಸಿ. ಕೆಳಗೆ ಒಂದು ನಂಬರ್ ಕೊಡಿ, ತಪ್ಪಿದ್ದರೆ ಫೋನ್ ಮಾಡಲು ಹೇಳಿ.

ಹಾಗೇ ಮಾಡಿದೆವು. ಹನ್ನೊಂದು ಹಳ್ಳಿಗಳ ಅಂಗಡಿಗಳಲ್ಲಿ ಅಂಟಿಸಿದೆವು. ಎರಡನೇ ದಿನವೇ ಫೋನ್ ಬಂತು. ‘ನಾಲ್ಕೂವರೆ ಬಸ್ಸು ಈಗ ನಾಲ್ಕೂಮುಕ್ಕಾಲಕ್ಕೆ ಬರ್ತಿದೆ, ಸರಿ ಮಾಡ್ಕೊಳ್ಳಿ.’ ಮಾತಾಡಿದ್ದು ಒಬ್ಬ ಅಂಗಡಿಯವರು. ಆಮೇಲೆ ಒಬ್ಬ ಮೇಷ್ಟ್ರು, ಒಬ್ಬ ಆಶಾ ಕಾರ್ಯಕರ್ತೆ, ಒಬ್ಬ ಪೋಸ್ಟ್‌ಮ್ಯಾನ್ ಫೋನ್ ಮಾಡಿದರು. ಈಗ ಬಸ್ಸು ಬದಲಾದರೆ ಮೊದಲು ನಮಗೆ ಸುದ್ದಿ ಬರುವುದು ಇವರಿಂದಲೇ. ಬೆಂಗಳೂರಿನ ಸಭೆಯಲ್ಲಿ ಕೇಳಿದ್ದ ನೆಟ್‌ವರ್ಕು ನಮಗೆ ಇಲ್ಲಿ ಸಿಕ್ಕಿತು. ಆದರೆ ಇವರು ಯಾರೂ ನಮ್ಮನ್ನು ಇಲಾಖೆಯ ಬಾಗಿಲಿಗೆ ಕರೆದುಕೊಂಡು ಹೋಗಲಾರರು. ಟಿಕೆಟ್ ಮೆಷಿನ್ ಮಾಡುವ ಕಂಪನಿಯ ಎಂಜಿನಿಯರ್ ಜೊತೆ ಮಾತಾಡಿಸಲಾರರು. ಅದು ನಿಮ್ಮಿಂದ ಆಗುತ್ತದೆ.

ತಿಂಗಳಿಗೆ ಒಂದು ಗಂಟೆ ಕೊಡಿ. ನಾವು ಬರೆದ ಕೋಡ್ ಓದಿ ಎಲ್ಲಿ ತಪ್ಪಿದೆ ಎಂದು ಬೈಯಿರಿ. ಸಾರಿಗೆಯ ಕೆಲಸ ಗೊತ್ತಿರುವ ಒಬ್ಬರಿಗೆ ‘ಈ ಮಕ್ಕಳ ಜೊತೆ ಹತ್ತು ನಿಮಿಷ ಮಾತಾಡಿ’ ಎಂದು ಒಂದು ಮೇಲ್ ಕಳಿಸಿ. ಹಬ್ಬಕ್ಕೆ ಊರಿಗೆ ಬಂದಾಗ ಕಾರು ಬಿಟ್ಟು ಒಂದು ದಿನ ಲೈನ್ ಬಸ್ಸಿನಲ್ಲಿ ಬನ್ನಿ. ಎಲ್ಲಿ ಕಾಯಬೇಕಾಯಿತು, ಎಲ್ಲಿ ಯಾರನ್ನು ಕೇಳಬೇಕಾಯಿತು ಎಂದು ನಮಗೆ ಬರೆದು ಕಳಿಸಿ. ನೀವು ಕೂಡ ಇದೇ ಬಸ್ಸಿನಲ್ಲಿ ಕಾಲೇಜಿಗೆ ಹೋದವರು. ಕಿಟಕಿಯ ಟಾರ್ಪಾಲು ಬಿಟ್ಟು, ಬ್ಯಾಗು ತೊಡೆಯ ಮೇಲೆ ಇಟ್ಟುಕೊಂಡು.

ಸಚಿವರೇ, ಅಧಿಕಾರಿಗಳೇ, ನಮ್ಮ ಪರೀಕ್ಷೆ ಹತ್ತಿರ ಬಂದಿದೆ. ಕ್ಯಾಂಪಸ್ ಸೆಲೆಕ್ಷನ್ನಿನಲ್ಲಿ ನಮ್ಮಲ್ಲಿ ಇಬ್ಬರಿಗೆ ಕೆಲಸ ಸಿಕ್ಕಿದೆ. ಸೇರಬೇಕೋ, ಇಲ್ಲೇ ಉಳಿದು ಇದನ್ನು ಮುಂದುವರಿಸಬೇಕೋ ಎಂದು ಮನೆಯಲ್ಲಿ ದಿನಾ ಮಾತು ನಡೆಯುತ್ತಿದೆ. ವೇಳಾಪಟ್ಟಿ ಸಿಗುತ್ತದೆ ಎಂದು ಗೊತ್ತಾದರೆ ಅವರು ಉಳಿಯುತ್ತಾರೆ. ಹಾಗಂತ ಇಬ್ಬರೂ ನನಗೆ ಹೇಳಿದ್ದಾರೆ. ಆದ್ದರಿಂದ ಉತ್ತರ ಏನೇ ಇರಲಿ, ಬೇಗ ಕೊಡಿ ಎಂದು ಬೇಡಿಕೊಳ್ಳುತ್ತೇನೆ.

ಅಲ್ಲಿಯವರೆಗೆ ಪ್ರತಿ ಶನಿವಾರ ಬೆಳಗ್ಗೆ ಆರರಿಂದ ಸಾಗರದ ಬಸ್ ನಿಲ್ದಾಣದಲ್ಲಿ ನಾವು ಇರುತ್ತೇವೆ. ಈಗ ನಾಲ್ಕನೇ ನೋಟ್‌ಬುಕ್ಕು ನಡೆಯುತ್ತಿದೆ. ನಿಮ್ಮ ಕಡೆಯಿಂದ ಯಾರಾದರೂ ಬಂದರೆ ಅದನ್ನು ಅವರ ಕೈಗೆ ಕೊಟ್ಟು ಎಲ್ಲ ತೋರಿಸುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಶಿವಮೊಗ್ಗ ಜಿಲ್ಲೆಯ ನಾಲ್ವರು ವಿದ್ಯಾರ್ಥಿಗಳು